ಅಂಗಳದಲ್ಲಿ ನಿಂತು ಕೂಗುವ ಔಷಧಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರದ ಕಡೆ ಒಂದು ಹಳ್ಳಿ. ಅಡಿಕೆ ತೋಟ ಇದೆ. ನನಗೆ 57 ವರ್ಷ, ತೂಕ 94 ಕೆಜಿ. ಹನ್ನೆರಡು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಜೊತೆಗೊಂದು ಗ್ಲಿಪ್ಟಿನ್ ಮಾತ್ರೆ ತಗೊಳ್ತಿದ್ದೇನೆ. ಈ ಸಲ ಶಿವಮೊಗ್ಗಕ್ಕೆ ತೋರಿಸೋಕೆ ಹೋದಾಗ ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ಶುರು ಮಾಡೋಣ ಅಂದರು. "ಇದು ಇನ್ಸುಲಿನ್ ಅಲ್ಲ, ಪೆಪ್ಟೈಡ್" ಅಂದರು. ಹೊರಗೆ ಜನ ಜಾಸ್ತಿ ಕಾಯ್ತಿದ್ದರು, ಬಿಡಿಸಿ ಕೇಳೋಕೆ ಆಗಲಿಲ್ಲ. ನನ್ನ ಹೆಂಡತಿ ಮೂಳೆ ಸವೆತಕ್ಕೆ ದಿನಾ ಟೆರಿಪ್ಯಾರಟೈಡ್ ಅಂತ ಒಂದು ಇಂಜೆಕ್ಷನ್ ತಗೊಳ್ತಾಳೆ, ಅದೂ ಪೆಪ್ಟೈಡ್ ಅಂತೆ. ಬೆಂಗಳೂರಲ್ಲಿರೋ ಮಗ, ಜಿಮ್‌ನಲ್ಲಿ ಹುಡುಗರು ಪೆಪ್ಟೈಡ್ ಚುಚ್ಚಿಕೊಳ್ತಾರೆ ಅಂತಾನೆ. ಎಲ್ಲಾ ಒಂದೇನಾ? ಸ್ಟೀರಾಯ್ಡ್ ಥರವಾ? ಮಾತ್ರೆ ಯಾಕಿಲ್ಲ? ಒಮ್ಮೆ ಹಿಡಿದರೆ ಬಿಡೋಕೆ ಆಗಲ್ವಾ? ಮಳೆಗಾಲದಲ್ಲಿ ನಮ್ಮಲ್ಲಿ ಒಮ್ಮೊಮ್ಮೆ ಮೂರು ದಿನ ಕರೆಂಟ್ ಇರಲ್ಲ, ಫ್ರಿಜ್ ಇದ್ದೂ ಇಲ್ಲದ ಹಾಗೆ. ಮತ್ತೆ, ಒಂದು ವಾರ ಮರೆತುಹೋದರೆ?

ಉತ್ತರ: ಪ್ರಶ್ನೆ ಏಳೆಂಟು ಇದ್ದರೂ ಎಲ್ಲದರ ಬೇರು ಒಂದೇ. ಹಾಗಾಗಿ ಬೇರಿನಿಂದಲೇ ಶುರು ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ. ಸಕ್ಕರೆ ಬೇಡ.

ಪೆಪ್ಟೈಡ್ ಅನ್ನುವುದು ಯಾವುದೋ ಒಂದು ಔಷಧಿಯ ಹೆಸರಲ್ಲ. ಹೂವಿನ ದಂಡೆ ಅಂದರೆ ಒಂದೇ ದಂಡೆ ಅಲ್ಲವಲ್ಲ, ಹಾಗೆ. ನಿಮ್ಮ ಮನೆ ಸುತ್ತ ಡೇರೆ, ಅಬ್ಬಲಿಗೆ, ಜಾಜಿ, ಸೇವಂತಿಗೆ ಇರಬಹುದು. ನಮ್ಮ ದೇಹದ ತೋಟದಲ್ಲಿ ಇಂಥ 20 ಬಗೆಯ ಹೂ ಇವೆ. ಅವಕ್ಕೆ ಅಮೈನೋ ಆಮ್ಲ ಅಂತ ಹೆಸರು. ಒಂದರ ಪಕ್ಕ ಒಂದು ಕಟ್ಟಿದ ಚಿಕ್ಕ ದಂಡೆ ಪೆಪ್ಟೈಡ್. ಉದ್ದಕ್ಕೆ ಕಟ್ಟಿ, ಸುತ್ತಿ, ಮಡಚಿದ ದೊಡ್ಡ ಮಾಲೆ ಪ್ರೋಟೀನ್. ಎರಡರ ನಡುವಿನ ಗಡಿಯನ್ನು ಸುಮಾರು 50 ಹೂವಿಗೆ ಹಾಕುತ್ತಾರೆ. ಇನ್ಸುಲಿನ್‌ನಲ್ಲಿ ಇರುವುದು 51. ಅಂದರೆ ಅದು ಬೇಲಿ ಮೇಲೆ ಕೂತಿದೆ. "ಇನ್ಸುಲಿನ್ ಅಲ್ಲ, ಪೆಪ್ಟೈಡ್" ಅಂತ ನಿಮ್ಮ ಡಾಕ್ಟರ್ ಹೇಳಿದ್ದು ನಿಮ್ಮ ಭಯ ಕಡಿಮೆ ಮಾಡೋಕೆ ಇರಬಹುದು. ಕುಲ ನೋಡಿದರೆ ಎರಡೂ ದಾಯಾದಿಗಳೇ.

ದಂಡೆಯಲ್ಲಿ ಯಾವ ಹೂವಿನ ಪಕ್ಕ ಯಾವ ಹೂ ಅನ್ನುವುದೇ ಎಲ್ಲ. ಕರು ಬಾಯಿ ಹಾಕಿದ ಕೂಡಲೇ ಹಸು ಹಾಲಿಳಿಸುತ್ತದಲ್ಲ, ಅದನ್ನು ಮಾಡಿಸುವುದು ಆಕ್ಸಿಟೋಸಿನ್. ಹೆರಿಗೆ ಆದ ಕೂಡಲೇ ರಕ್ತಸ್ರಾವ ಆಗದಂತೆ ಬಾಣಂತಿಗೆ ಕೊಡುವ ಇಂಜೆಕ್ಷನ್ನೂ ಅದೇ. ಬರೀ 9 ಹೂವಿನ ದಂಡೆ. ವ್ಯಾಸೊಪ್ರೆಸಿನ್ ಅಂತ ಇನ್ನೊಂದಿದೆ, ಅದೂ 9 ಹೂವಿನದು. ಎರಡಕ್ಕೂ ಎರಡೇ ಹೂವಿನ ವ್ಯತ್ಯಾಸ. ಆದರೆ ಇದರ ಮುಖ್ಯ ಕೆಲಸ ಕಿಡ್ನಿಯಲ್ಲಿ ನೀರು ಉಳಿಸುವುದು. ಎರಡು ಹೂ ಬದಲಾಯಿಸಿದ್ದಕ್ಕೆ ಕೆಚ್ಚಲಿನ ಸುದ್ದಿ ಕಿಡ್ನಿಯ ಸುದ್ದಿ ಆಗಿಬಿಟ್ಟಿತು.

ಸುದ್ದಿ ಅಂದೆನಲ್ಲ, ಅದೇ ಮುಖ್ಯ ಮಾತು. ಔಷಧಿಯಾಗಿ ಬಳಸುವ ಪೆಪ್ಟೈಡ್‌ಗಳಲ್ಲಿ ಹೆಚ್ಚಿನವು ದೇಹದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಮುಟ್ಟಿಸುವಂಥವು. ಅನ್ನದ ಹಾಗೆ ಶಕ್ತಿ ಕೊಡುವುದಲ್ಲ. ಟಾನಿಕ್ ಅಂತೂ ಅಲ್ಲವೇ ಅಲ್ಲ.

ನಮ್ಮ ಕಡೆ ಒಂಟಿ ಮನೆಗಳು ಜಾಸ್ತಿ. ಸುದ್ದಿ ಹೇಳೋಕೆ ಬಂದವನು ದಣಪೆ ದಾಟಿ ಅಂಗಳಕ್ಕೆ ಬರುತ್ತಾನೆ. "ಓಯ್, ಯಾರಿದ್ದೀರಿ?" ಅಂತ ಒಂದು ಕೂಗು ಹಾಕುತ್ತಾನೆ. ಹೇಳಬೇಕಾದ್ದು ಹೇಳಿ, ಮಳೆ ಬರುವ ಮೊದಲು ಹೊರಡುತ್ತಾನೆ. ಜಗಲಿ ಹತ್ತುವುದಿಲ್ಲ. ಆಮೇಲೆ ಎದ್ದು ಓಡಾಡುವವರು ಮನೆಯೊಳಗಿನವರು. ಪೆಪ್ಟೈಡ್ ಮಾಡುವುದು ಇಷ್ಟನ್ನೇ. ಅದು ಜೀವಕೋಶದ ಒಳಗೆ ಹೋಗುವುದಿಲ್ಲ. ಜೀವಕೋಶದ ಹೊರಗೋಡೆ ಮೇಲೆ ರಿಸೆಪ್ಟರ್ ಅಂತ ಒಂದು ಕಿವಿ ಇರುತ್ತದೆ. ಆ ಕಿವಿಗೆ ಒಂದು ದನಿ ಮಾತ್ರ ಕೇಳುತ್ತದೆ, ಬೇರೆಯವರು ಎಷ್ಟು ಕೂಗಿದರೂ ಕಿವುಡು. ಹಾಗಾಗಿಯೇ ಒಂದು ಪೆಪ್ಟೈಡ್ ರಕ್ತದಲ್ಲಿ ಊರೆಲ್ಲ ಸುತ್ತಿದರೂ ಕೆಲವೇ ಮನೆಯವರು ಎದ್ದು ಬರುತ್ತಾರೆ.

ಸ್ಟೀರಾಯ್ಡ್ ಥರವಾ ಅಂತ ಕೇಳಿದಿರಿ. ಸುದ್ದಿ ಮುಟ್ಟಿಸುವುದರಲ್ಲಿ ಹೌದು, ರೀತಿಯಲ್ಲಿ ಅಲ್ಲ. ಜೀವಕೋಶದ ಹೊರಗೋಡೆ ಕೊಬ್ಬಿನದು. ಸ್ಟೀರಾಯ್ಡ್ ಕೂಡ ಕೊಬ್ಬಿನ ಜಾತಿಯದು. ಅದಕ್ಕೆ ಕದ ತಟ್ಟುವ ಕೆಲಸವೇ ಇಲ್ಲ. ಸೀದಾ ಒಳಗೆ ಹೋಗಿ, ನಡುಮನೆ ದಾಟಿ, ಮನೆಯ ಲೆಕ್ಕಪುಸ್ತಕ ಇಟ್ಟ ಪೆಟ್ಟಿಗೆಗೇ ಕೈ ಹಾಕುತ್ತದೆ. ಆ ಪೆಟ್ಟಿಗೆ ಅಂದರೆ ನಮ್ಮ ಜೀನ್‌ಗಳು. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್‌ನ ಮಾತು ಕೇಳುವ ಕಿವಿ ಮೈಯಲ್ಲಿ ಹೆಚ್ಚುಕಮ್ಮಿ ಎಲ್ಲ ಮನೆಯೊಳಗೂ ಇದೆ. ಅಂಥ ಮಾತ್ರೆ ತಿಂಗಳುಗಟ್ಟಲೆ ನುಂಗಿದವರಿಗೆ ಮುಖ ಊದುವುದು, ಮೂಳೆ ಸವೆಯುವುದು, ಶುಗರ್ ಏರುವುದು ಎಲ್ಲ ಒಟ್ಟಿಗೆ ಬರುವುದಕ್ಕೆ ಇದೂ ಒಂದು ಕಾರಣ.

ಇನ್ನು ಈ ಸುದ್ದಿಗಾರನ ಆಯಸ್ಸು. ಸುದ್ದಿ ಹೇಳಿದವನು ಅಂಗಳದಲ್ಲೇ ನಿಂತು ಕೂಗುತ್ತಲೇ ಇದ್ದರೆ ಮನೆಯವರ ಗತಿ ಏನು? ಅದಕ್ಕೇ ದೇಹ ಇಂಥ ಪೆಪ್ಟೈಡ್‌ಗಳನ್ನು ಬೇಗ ಮುಗಿಸಿಬಿಡುತ್ತದೆ. ನಿಮಗೆ ಬರೆದಿರುವ ಔಷಧಿಯ ಮೂಲ ರೂಪ ಜಿಎಲ್‌ಪಿ-1. ಅದು ನಿಮ್ಮ ಕರುಳಿನಲ್ಲೇ ಹುಟ್ಟುತ್ತದೆ. ಊಟ ಕರುಳಿಗೆ ಇಳಿದಾಗ "ಊಟ ಬಂತು" ಅಂತ ಅದು ಕೂಗು ಹಾಕುತ್ತದೆ. ಎಷ್ಟು ಹೊತ್ತು? ಸುಮಾರು ಎರಡು ನಿಮಿಷದಲ್ಲಿ ಅರ್ಧದಷ್ಟು ಮುಗಿದಿರುತ್ತದೆ. ರಕ್ತದಲ್ಲಿ ಡಿಪಿಪಿ-4 ಅಂತ ಒಂದು ಕತ್ತರಿ ಓಡಾಡುತ್ತಿರುತ್ತದೆ. ಅದು ದಂಡೆಯ ಮುಂದಿನ ತುದಿಯಿಂದ ಎರಡು ಹೂ ಕತ್ತರಿಸುತ್ತದೆ, ಅಷ್ಟಕ್ಕೇ ದನಿ ನಿಂತುಹೋಗುತ್ತದೆ.

ನೀವು ಈಗ ನುಂಗುತ್ತಿರುವ ಗ್ಲಿಪ್ಟಿನ್ ಮಾತ್ರೆ ಏನು ಮಾಡುತ್ತದೆ ಗೊತ್ತಾ? ಆ ಕತ್ತರಿಯ ಬಾಯಿ ಕಟ್ಟುತ್ತದೆ. ನಿಮ್ಮದೇ ಜಿಎಲ್‌ಪಿ-1 ಸ್ವಲ್ಪ ಜಾಸ್ತಿ ಹೊತ್ತು ಬದುಕುತ್ತದೆ. ಅಂದರೆ ಈ ದಾರಿಯಲ್ಲಿ ನೀವು ಆಗಲೇ ನಡೀತಾ ಇದ್ದೀರಿ, ಯಾರೂ ಹೇಳಿರಲಿಲ್ಲ ಅಷ್ಟೇ. ಸೆಮಾಗ್ಲುಟೈಡ್ ಶುರುವಾದ ಮೇಲೆ ಗ್ಲಿಪ್ಟಿನ್‌ನಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಇಲ್ಲ, ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ನಿಮ್ಮ ಚೀಟಿಯಲ್ಲಿ ಎರಡೂ ಇದ್ದರೆ ಕೇಳಿ ನೋಡಿ. ತಿಂಗಳ ಖರ್ಚಿನಲ್ಲಿ ಅಷ್ಟಾದರೂ ಉಳಿಯಲಿ.

ಕತ್ತರಿಗೆ ಸಿಗದ ದಂಡೆ ಮೊದಲು ಸಿಕ್ಕಿದ್ದು ಒಂದು ಹಲ್ಲಿಯ ಬಾಯಲ್ಲಿ. ಅಮೆರಿಕದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಅಂತ ವಿಷದ ಹಲ್ಲಿ ಇದೆ, ನಮ್ಮ ಉಡಕ್ಕಿಂತ ಚಿಕ್ಕದು. ಅದರ ಜೊಲ್ಲಿನಲ್ಲಿ 39 ಹೂವಿನ ಒಂದು ಪೆಪ್ಟೈಡ್ ಇತ್ತು. ಜಾನ್ ಎಂಗ್ ಎಂಬ ವೈದ್ಯ ವಿಜ್ಞಾನಿ ಅದನ್ನು ಗುರುತಿಸಿದರು. ಅದು ಜಿಎಲ್‌ಪಿ-1ರ ದನಿಯಲ್ಲೇ ಕೂಗುತ್ತಿತ್ತು, ಆದರೆ ಕತ್ತರಿಗೆ ಸಿಗುತ್ತಿರಲಿಲ್ಲ. ಅದನ್ನು ಕಾರ್ಖಾನೆಯಲ್ಲಿ ಕಟ್ಟಿ, ಎಕ್ಸೆನಟೈಡ್ ಅಂತ ಹೆಸರಿಟ್ಟು, 2005ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿದರು. ದಿನಕ್ಕೆ ಎರಡು ಸಲ ಚುಚ್ಚಿಕೊಳ್ಳಬೇಕಿತ್ತು.

ಆಮೇಲೆ ಬಂದವರು ಮನುಷ್ಯರ ದಂಡೆಯನ್ನೇ ಇಟ್ಟುಕೊಂಡು ರಿಪೇರಿ ಮಾಡಿದರು. ಸೆಮಾಗ್ಲುಟೈಡ್‌ನಲ್ಲಿ 31 ಹೂ. ಅದರ ಮುಖ್ಯ ರಿಪೇರಿ ಎರಡು. ಕತ್ತರಿ ಬೀಳುವ ಜಾಗದಲ್ಲಿ, ಅಂದರೆ ತುದಿಯಿಂದ ಎರಡನೇ ಹೂವಿನ ಜಾಗದಲ್ಲಿ, ಕತ್ತರಿ ಕಚ್ಚಲಾಗದ ಬೇರೆ ಹೂ ಹಾಕಿದರು. ದಂಡೆಯ ನಡುವೆ ಒಂದು ಕೊಬ್ಬಿನ ಬಾಲ ಕಟ್ಟಿದರು. ಈ ಬಾಲದ ಉಪಾಯ ನನಗೆ ಬಹಳ ಇಷ್ಟ. ರಕ್ತದಲ್ಲಿ ಆಲ್ಬುಮಿನ್ ಅಂತ ಒಂದು ದೊಡ್ಡ ಪ್ರೋಟೀನ್ ತುಂಬಾ ಇರುತ್ತದೆ. ಔಷಧಿ ತನ್ನ ಬಾಲದಿಂದ ಅದನ್ನು ಹಿಡಿದುಕೊಳ್ಳುತ್ತದೆ. ತೀರ್ಥಹಳ್ಳಿ ಬಸ್ಸಿನ ಬಾಗಿಲಲ್ಲಿ ಕಂಬಿ ಹಿಡಿದು ನಿಂತ ಕಾಲೇಜು ಹುಡುಗರ ಹಾಗೆ. ಒಂಟಿಯಾಗಿದ್ದರೆ ಚಿಕ್ಕ ಪೆಪ್ಟೈಡ್ ಕಿಡ್ನಿಯ ಜರಡಿಯಲ್ಲಿ ಸೋರಿಹೋಗುತ್ತದೆ. ಬಸ್ಸೇ ಆ ಜರಡಿಯಲ್ಲಿ ತೂರುವುದಿಲ್ಲ ಅಂದ ಮೇಲೆ ಕಂಬಿ ಹಿಡಿದವನೂ ಉಳಿದ. ಎರಡು ನಿಮಿಷದ ಜಾಗದಲ್ಲಿ ಈಗ ಸುಮಾರು ಒಂದು ವಾರ. ವಾರಕ್ಕೊಂದೇ ಇಂಜೆಕ್ಷನ್ ಆಗಿದ್ದು ಹೀಗೆ.

ಮಾತ್ರೆ ಯಾಕಿಲ್ಲ ಅನ್ನುವುದಕ್ಕೆ ಉತ್ತರ ನಿಮ್ಮ ಹೊಟ್ಟೆಯಲ್ಲೇ ಇದೆ. ಹೊಟ್ಟೆಗೆ ಔಷಧಿ ಯಾವುದು, ಊಟ ಯಾವುದು ಅಂತ ಗೊತ್ತಾಗುವುದಿಲ್ಲ. ಬೇಳೆ, ಮೊಟ್ಟೆ, ಮೀನಿನಲ್ಲಿರುವ ಪ್ರೋಟೀನನ್ನು ಹೂ ಹೂ ಬಿಡಿಸುವುದೇ ಅದರ ಕಸುಬು. ಪೆಪ್ಟೈಡ್ ಹೋದರೂ ಬಿಡಿಸಿ ಹಾಕುತ್ತದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ನೂರು ವರ್ಷ ದಾಟಿದರೂ ಇವತ್ತಿಗೂ ನಮ್ಮ ರೋಗಿಗಳು ಚುಚ್ಚಿಕೊಳ್ಳುತ್ತಲೇ ಇದ್ದಾರೆ. ಯಾರೂ ಪ್ರಯತ್ನ ಮಾಡಿಲ್ಲ ಅಂತಲ್ಲ, ಹೊಟ್ಟೆ ಗೆದ್ದಿದೆ.

ಆದರೆ ಸೆಮಾಗ್ಲುಟೈಡ್‌ಗೆ ಈಗ ಮಾತ್ರೆಯೂ ಬಂದಿದೆ. ಭಾರತದಲ್ಲೂ ಸಿಗುತ್ತದೆ. ಅದರ ಜೊತೆ ಒಂದು ಸಹಾಯದ ವಸ್ತು ಸೇರಿಸಿರುತ್ತಾರೆ. ಅದು ಮಾತ್ರೆಯ ಸುತ್ತಲಿನ ಆಮ್ಲವನ್ನು ಸ್ವಲ್ಪ ಹೊತ್ತು ತಗ್ಗಿಸಿ, ಜಠರದ ಗೋಡೆಯಲ್ಲೇ ಔಷಧಿ ನುಸುಳುವಂತೆ ಮಾಡುತ್ತದೆ. ಆದರೂ ನೂರರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿದರೆ ಪುಣ್ಯ. ಲೆಕ್ಕ ನೀವೇ ಹಾಕಿ: ಇಂಜೆಕ್ಷನ್ ಆದರೆ ವಾರಕ್ಕೆ 1 ಮಿಲಿಗ್ರಾಂ ಸಾಕಾಗುವಲ್ಲಿ, ಮಾತ್ರೆ ದಿನಕ್ಕೆ 14ರವರೆಗೂ ಬೇಕಾಗುತ್ತದೆ, ವಾರಕ್ಕೆ 98. ಮೇಲಿಂದ ಅದರ ಮಡಿ ಬೇರೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟಕ್ಕಿಂತ ಜಾಸ್ತಿ ಇಲ್ಲದ ಬರೀ ನೀರಿನಲ್ಲಿ ನುಂಗಬೇಕು. ಅರ್ಧ ಗಂಟೆ ಕಾಫಿ ಇಲ್ಲ, ತಿಂಡಿ ಇಲ್ಲ, ಬೇರೆ ಮಾತ್ರೆಯೂ ಇಲ್ಲ. ಎದ್ದ ಕೂಡಲೇ ಕಾಫಿ ಇಲ್ಲದೆ ಕಣ್ಣೇ ಬಿಡದ ಮಲೆನಾಡಿನವರಿಗೆ ಇದು ವಾರಕ್ಕೊಂದು ಚುಚ್ಚಿಗಿಂತ ಕಷ್ಟ ಅಂತ ನನ್ನ ಅಭಿಪ್ರಾಯ. ಇಂಜೆಕ್ಷನ್ನಿನ ಸೂಜಿ ಕೂದಲಿನಷ್ಟು ಸಣ್ಣದು. ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ, ಪ್ರತಿ ಸಲ ಜಾಗ ಬದಲಿಸಿ ಚುಚ್ಚಿಕೊಂಡರೆ ಆಯಿತು.

ಇನ್ನು ಈ ಕೂಗು ನಿಮ್ಮ ಮೈಯಲ್ಲಿ ಯಾರ್ಯಾರಿಗೆ ಕೇಳುತ್ತದೆ ಅಂತ ನೋಡೋಣ. ಮೊದಲನೆಯದು ಮೇದೋಜೀರಕ. ಅದು ಇನ್ಸುಲಿನ್ ಬಿಡುತ್ತದೆ, ಆದರೆ ರಕ್ತದಲ್ಲಿ ಸಕ್ಕರೆ ಏರಿದ್ದರೆ ಮಾತ್ರ. ಸಕ್ಕರೆ ಸರಿ ಇದ್ದಾಗ ಕೂಗಿದರೂ ಅದು ಏಳುವುದಿಲ್ಲ. ಅದಕ್ಕೇ ಈ ಔಷಧಿ ಒಂದರಿಂದಲೇ ಶುಗರ್ ತೀರಾ ಇಳಿಯುವುದು ಅಪರೂಪ. ಆದರೆ ನಿಮ್ಮ ಗ್ಲಿಮೆಪಿರೈಡ್‌ಗೆ ಈ ವಿವೇಕ ಇಲ್ಲ. ಸಕ್ಕರೆ ಎಷ್ಟೇ ಇರಲಿ, ಇನ್ಸುಲಿನ್ ಹಿಂಡುತ್ತದೆ. ಎರಡೂ ಸೇರಿದರೆ ತೋಟದಲ್ಲಿ ಕೆಲಸ ಮಾಡುವಾಗ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬರಬಹುದು. ಸೆಮಾಗ್ಲುಟೈಡ್ ಶುರು ಮಾಡುವಾಗ ಗ್ಲಿಮೆಪಿರೈಡ್ ಡೋಸ್ ಇಳಿಸಬೇಕಾ ಅಂತ ಕೇಳದೆ ಬರಬೇಡಿ. ಜೇಬಲ್ಲಿ ಒಂದು ತುಂಡು ಬೆಲ್ಲವೋ ನಾಲ್ಕು ಗ್ಲೂಕೋಸ್ ಮಾತ್ರೆಯೋ ಇರಲಿ.

ಎರಡನೆಯದು ಜಠರ. ಊಟವನ್ನು ನಿಧಾನವಾಗಿ ಕೆಳಗೆ ಬಿಡು ಅಂತ ಅದಕ್ಕೆ ಸುದ್ದಿ. ಮೂರನೆಯದು ಮಿದುಳು. ಅಲ್ಲಿ ಹಸಿವಿನ ಜಾಗಕ್ಕೆ "ಸಾಕು" ಅಂತ ಕೇಳಿಸುತ್ತದೆ. ತೂಕ ಇಳಿಯುವುದು ಹೆಚ್ಚಾಗಿ ಈ "ಸಾಕು" ಇಂದ. ತೊಂದರೆಯೂ ಇದೇ ಸುದ್ದಿಗಳಿಂದಲೇ. ಊಟ ಹೊಟ್ಟೆಯಲ್ಲೇ ಜಾಸ್ತಿ ಹೊತ್ತು ನಿಂತಾಗ ಓಕರಿಕೆ, ಹುಳಿತೇಗು, ವಾಂತಿ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಭೇದಿ. ಸೈಡ್ ಎಫೆಕ್ಟ್ ಅನ್ನುವುದು ಬೇರೆ ಎಲ್ಲಿಂದಲೋ ಬಂದು ಸೇರಿದ್ದಲ್ಲ, ಅದೇ ಕೂಗಿನ ಇನ್ನೊಂದು ಫಲ. ಅದಕ್ಕೇ ಮೊದಲ ನಾಲ್ಕು ವಾರ 0.25 ಮಿಲಿಗ್ರಾಂ ಕೊಟ್ಟು, ಆಮೇಲೆ 0.5ಕ್ಕೆ ಏರಿಸುವುದು. ಆ 0.25 ಶುಗರ್ ಇಳಿಸೋಕೆ ಅಲ್ಲ, ಹೊಟ್ಟೆಗೆ ಅಭ್ಯಾಸ ಮಾಡಿಸೋಕೆ. "ತಿಂಗಳಾದರೂ ಶುಗರ್ ಇಳಿದಿಲ್ಲ" ಅಂತ ಅವಸರ ಪಟ್ಟು ನೀವೇ ಡೋಸ್ ಏರಿಸಿಕೊಂಡರೆ ವಾಂತಿ ಮಾಡುತ್ತಾ ಮಲಗಬೇಕಾಗುತ್ತದೆ.

ಊಟದ ವಿಷಯ ಹೇಳಲೇಬೇಕು. ಮದುವೆ ಮನೆಗೆ ಹೋಗಿ, ಬಾಳೆಯೆಲೆ ಮುಂದೆ ಕೂತು, ಬಡಿಸಿದವರಿಗೆ ಬೇಡ ಅನ್ನಲಾಗದೆ ಎರಡು ಹೋಳಿಗೆ ತುಪ್ಪ ಹಾಕಿಸಿಕೊಂಡು ತಿಂದವರು ಅವತ್ತು ರಾತ್ರಿ ನನಗೆ ಫೋನ್ ಮಾಡುತ್ತಾರೆ. ಸ್ವಲ್ಪ ಸ್ವಲ್ಪ ಊಟ ಮಾಡಿ. ಎಣ್ಣೆಯದ್ದು, ಕರಿದದ್ದು ಕಡಿಮೆ ಇರಲಿ. ಹೊಟ್ಟೆ ತುಂಬಿತು ಅನಿಸಿದ ಕೂಡಲೇ ಎಲೆ ಮಡಚಿ. ಆದರೆ ಹಸಿವಿಲ್ಲ ಅಂತ ಬರೀ ಗಂಜಿ ನೀರು ಕುಡಿದು ದಿನ ತಳ್ಳಬೇಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಬೇಳೆ, ಹೆಸರುಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು, ದಿನಾ ಇರಲಿ. ತೋಟದ ಕೆಲಸವನ್ನು ಪೂರ್ತಿ ಆಳುಗಳಿಗೆ ಬಿಡಬೇಡಿ. ವಾಂತಿ ಭೇದಿ ನಿಲ್ಲದಿದ್ದರೆ ಮನೆಯಲ್ಲೇ ಕೂರಬೇಡಿ, ನೀರು ಆರಿದರೆ ಕಿಡ್ನಿಗೆ ಹೊಡೆತ.

ಹೊಟ್ಟೆಯಲ್ಲಿ ಸಹಿಸಲಾಗದ ನೋವು ಬಂದು ಬೆನ್ನಿಗೆ ಹರಿದರೆ, ಜೊತೆಗೆ ವಾಂತಿ ಇದ್ದರೆ, ಗ್ಯಾಸ್ ಅಂತ ಜೀರಿಗೆ ಕಷಾಯ ಕುಡಿದು ಮಲಗಬೇಡಿ. ಅದು ಮೇದೋಜೀರಕದ ಊತ ಇರಬಹುದು, ಅದೇ ಹೊತ್ತಿಗೆ ಆಸ್ಪತ್ರೆ ಸೇರಬೇಕು. ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಸ್ವಲ್ಪ ಏರುತ್ತದೆ. ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್‌ನ ಮೆಡ್ಯುಲರಿ ಕ್ಯಾನ್ಸರ್ ಆಗಿದ್ದರೆ ಈ ಔಷಧಿ ಬೇಡ. ನಿಮಗೆ ಇನ್ನೊಂದು ಮಾತು. ಹನ್ನೆರಡು ವರ್ಷದ ಶುಗರ್ ಅಂದರೆ ಕಣ್ಣಿನ ಒಳಪರದೆ ನೋಡಿಸಿಕೊಂಡೇ ಶುರು ಮಾಡಿ. ಸಕ್ಕರೆ ತೀರಾ ವೇಗವಾಗಿ ಇಳಿದಾಗ, ಮೊದಲೇ ಹದಗೆಟ್ಟಿದ್ದ ಕಣ್ಣು ಇನ್ನಷ್ಟು ಹದಗೆಡುವುದುಂಟು. ಯಾವುದೇ ಆಪರೇಷನ್‌ಗೆ ಹೋದರೂ ಅರಿವಳಿಕೆ ಡಾಕ್ಟರ್‌ಗೆ ಈ ಇಂಜೆಕ್ಷನ್ ವಿಷಯ ಹೇಳಿ. ರಾತ್ರಿಯಿಂದ ಉಪವಾಸ ಇದ್ದರೂ ನಿಮ್ಮ ಹೊಟ್ಟೆ ಖಾಲಿ ಆಗಿರದೇ ಇರಬಹುದು.

ನಿಮ್ಮ ಮನೆಯವರ ಮೂಳೆ ಇಂಜೆಕ್ಷನ್‌ಗೆ ಬರುತ್ತೇನೆ. ನನಗೆ ಪಾಠ ಮಾಡಲು ಬಹಳ ಖುಷಿ ಕೊಡುವ ಔಷಧಿ ಅದು. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ನಾಲ್ಕು ಪುಟ್ಟ ಗ್ರಂಥಿಗಳಿವೆ. ಅಲ್ಲಿಂದ ಬರುವ ಹಾರ್ಮೋನಿನ ದಂಡೆಯಲ್ಲಿ 84 ಹೂ. ಅದರ ಮೊದಲ 34 ಹೂ ಅಷ್ಟೇ ಕತ್ತರಿಸಿಟ್ಟರೆ ಟೆರಿಪ್ಯಾರಟೈಡ್. ವಿಚಿತ್ರ ಅಂದರೆ ಆ ಹಾರ್ಮೋನ್ ದಿನವಿಡೀ ಜಾಸ್ತಿ ಇದ್ದವರ ಮೂಳೆ ಸವೆಯುತ್ತದೆ. ಅದೇ ಸುದ್ದಿಯನ್ನು ದಿನಕ್ಕೆ ಒಂದೇ ಸಲ, ಸ್ವಲ್ಪ ಹೊತ್ತು ಮಾತ್ರ ಕೂಗಿಸಿದರೆ ಮೂಳೆ ಕಟ್ಟುವ ಜೀವಕೋಶಗಳು ಎದ್ದು ಕೆಲಸಕ್ಕೆ ಇಳಿಯುತ್ತವೆ. ಬೆಳಿಗ್ಗೆ ಒಂದು ಮಾತು ಹೇಳಿ ಹೋದರೆ ಆಳುಗಳು ಕೆಲಸ ಮಾಡುತ್ತಾರೆ, ದಿನವಿಡೀ ತಲೆ ಮೇಲೆ ನಿಂತು ಕೂಗಿದರೆ ಕತ್ತಿ ಬಿಸಾಕಿ ಹೋಗುತ್ತಾರೆ. ಹಾಗಾಗಿ ಅವರದನ್ನೂ ನಿಮ್ಮದರ ಹಾಗೆ ವಾರಕ್ಕೊಮ್ಮೆ ಮಾಡಿ ಅಂತ ಕೇಳಬೇಡಿ. ದಿನಾ ಚುಚ್ಚುವುದರಲ್ಲೇ ಅದರ ಗುಟ್ಟಿದೆ. ಮೊದಮೊದಲು ಚುಚ್ಚಿಕೊಂಡ ಮೇಲೆ ತಲೆ ತಿರುಗಬಹುದು, ಕೂತೇ ಚುಚ್ಚಿಕೊಳ್ಳಲಿ. ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಜಾಸ್ತಿ ಕೊಡುವುದಿಲ್ಲ. ಮುಗಿದ ಮೇಲೆ ಕಟ್ಟಿದ ಮೂಳೆ ಉಳಿಸಿಕೊಳ್ಳಲು ಬೇರೆ ಔಷಧಿ ಶುರು ಮಾಡುತ್ತಾರೆ. ಅದನ್ನು ಮರೆತರೆ ಎರಡು ವರ್ಷದ ದುಡ್ಡು ನೀರಿಗೆ ಹಾಕಿದ ಹಾಗೆ.

ಬಿಡದೆ ಕೂಗಿಸುವುದನ್ನೇ ಔಷಧಿ ಮಾಡಿಕೊಂಡ ಜಾಗವೂ ಇದೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡುವ ಲ್ಯೂಪ್ರೊಲೈಡ್ ಅಂಥದ್ದು. ಮಿದುಳು ಆಗಾಗ ತಡೆದು ತಡೆದು ಕಳಿಸುವ ಸುದ್ದಿಯನ್ನು ಅದು ಎಡೆಬಿಡದೆ ಕೂಗುತ್ತದೆ. ಮೊದಲ ಒಂದೆರಡು ವಾರ ಗಂಡು ಹಾರ್ಮೋನ್ ಏರುತ್ತದೆ. ಆಮೇಲೆ ಮನೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಾರ್ಮೋನ್ ಕುಸಿಯುತ್ತದೆ. ಕ್ಯಾನ್ಸರ್‌ಗೆ ಊಟ ನಿಂತ ಹಾಗೆ.

ಕಾಡು ಸುತ್ತುವವರಿಗೆ ಪೆಪ್ಟೈಡ್ ಹೊಸದಲ್ಲ. ಮಳೆಗಾಲದಲ್ಲಿ ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿ ಬಿಟ್ಟ ಮೇಲೂ ರಕ್ತ ಸೋರುತ್ತಲೇ ಇರುತ್ತದೆ ಅಲ್ವಾ? ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುಗಳಿವೆ. ಯೂರೋಪಿನ ಜಿಗಣೆಯ ಜೊಲ್ಲಿನಲ್ಲಿ ಸಿಕ್ಕಿದ ಹಿರುಡಿನ್ ಎಂಬ 65 ಹೂವಿನ ದಂಡೆಯನ್ನು ನೋಡಿಕೊಂಡು 20 ಹೂವಿನ ಬೈವಾಲಿರುಡಿನ್ ಕಟ್ಟಿದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವಾಗ ಅದನ್ನು ಬಳಸುವುದುಂಟು. 2017ರಲ್ಲಿ ನಮ್ಮ ಪಶ್ಚಿಮ ಘಟ್ಟದ ಒಂದು ಕಪ್ಪೆಯ ಚರ್ಮದಲ್ಲಿ ಫ್ಲೂ ವೈರಸ್ ಕೊಲ್ಲುವ ಪೆಪ್ಟೈಡ್ ಸಿಕ್ಕಿತು. ಬಳುಕುವ ಕತ್ತಿ ಉರುಮಿಯ ನೆನಪಿಗೆ ಅದಕ್ಕೆ ಉರುಮಿನ್ ಅಂತ ಹೆಸರಿಟ್ಟರು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದೆ, ಇನ್ನೂ ಔಷಧಿ ಆಗಿಲ್ಲ.

ಪ್ರಯೋಗಶಾಲೆಗೂ ಔಷಧಿಗೂ ನಡುವಿನ ಈ ದೂರವೇ ನಿಮ್ಮ ಮಗನ ಪ್ರಶ್ನೆಗೆ ಉತ್ತರ. ಜಿಮ್ ಹುಡುಗರ ಬಾಯಲ್ಲಿ ಓಡಾಡುವ ಹೆಸರುಗಳಲ್ಲಿ ಬಿಪಿಸಿ-157 ಒಂದು. 15 ಹೂವಿನ ದಂಡೆ. ಸ್ನಾಯು, ಗಂಟು ಬೇಗ ವಾಸಿ ಆಗುತ್ತದೆ ಅಂತ ಮಾರುತ್ತಾರೆ. ಅದರ ಬಗ್ಗೆ ಆಗಿರುವ ಕೆಲಸದಲ್ಲಿ ಹೆಚ್ಚಿನದು ಇಲಿಗಳ ಮೇಲೆ. ಆಟಗಾರರ ಉದ್ದೀಪನ ಮದ್ದು ತಡೆಯುವ ವಾಡಾ ಸಂಸ್ಥೆ 2022ರಿಂದ ಅದನ್ನು ನಿಷೇಧಿಸಿದೆ. ಸೀಸೆಯ ಮೇಲೆ "ಸಂಶೋಧನೆಗೆ ಮಾತ್ರ" ಅಂತ ಬರೆದಿರುತ್ತದೆ. ಅದರರ್ಥ, ಒಳಗೆ ಏನಿದೆ, ಎಷ್ಟಿದೆ, ಶುದ್ಧ ಇದೆಯಾ ಅನ್ನುವುದಕ್ಕೆ ಯಾರೂ ಹೊಣೆ ಅಲ್ಲ. ನಿಮ್ಮ ಮಗ ನನ್ನ ಮಗನಾಗಿದ್ದರೆ ಬೈದೇ ನಿಲ್ಲಿಸುತ್ತಿದ್ದೆ. ಬಳಸುವ ಹುಡುಗರಿಗೆ ಅದು ಪೆಪ್ಟೈಡ್ ಹೌದೋ ಅಲ್ಲವೋ ಅಂತ ಕೇಳಿ ಪ್ರಯೋಜನ ಇಲ್ಲ. ಯಾರ ದನಿ ಅದು, ಯಾವ ಮನೆಗೆ ಕೇಳುತ್ತದೆ, ಎಷ್ಟು ಹೊತ್ತು ಕೂಗುತ್ತದೆ ಅಂತ ಕೇಳಬೇಕು. ಮಾರುವವನಿಗೆ ಉತ್ತರ ಗೊತ್ತಿರುವುದಿಲ್ಲ. ನಿಮ್ಮ ಔಷಧಿಯಲ್ಲೂ ನಕಲಿ ಇದೆ. 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ನಕಲಿ ಸೆಮಾಗ್ಲುಟೈಡ್ ಬಗ್ಗೆ ಎಚ್ಚರಿಸಿತ್ತು. ಗೊತ್ತಿರುವ ಮೆಡಿಕಲ್ ಶಾಪ್‌ನಲ್ಲಿ, ಬಿಲ್ ಹಾಕಿಸಿಕೊಂಡೇ ತನ್ನಿ. ವಾಟ್ಸಾಪ್‌ನಲ್ಲಿ ಅರ್ಧ ಬೆಲೆಗೆ ಬರುವುದು ಬೇಡ.

ಈಗ ಕರೆಂಟ್. ದಂಡೆ ಬಾಡದ ಹಾಗೆ ನೋಡಿಕೊಳ್ಳುವುದು ಅಂತಿಟ್ಟುಕೊಳ್ಳಿ. ಈ ಇಂಜೆಕ್ಷನ್ ಔಷಧಿ ತುಂಬಿದ ಪೆನ್ನಿನ ಆಕಾರದಲ್ಲಿ ಬರುತ್ತದೆ, ಅದಕ್ಕೆ ಪೆನ್ ಅಂತಲೇ ಹೆಸರು. ತೆರೆಯದ ಪೆನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಎಲ್ಲರೂ ಬಿಸಿಗೆ ಹೆದರುತ್ತಾರೆ, ಮಂಜುಗಡ್ಡೆಗೆ ಹೆದರುವುದಿಲ್ಲ. ಈ ಪಾಠ ನಾನು ಕಲಿತಿದ್ದು ನಮ್ಮ ಮನೆಯಲ್ಲೇ. ಅಮ್ಮನ ಇನ್ಸುಲಿನ್ ಪೆನ್‌ಗಳನ್ನು ಫ್ರಿಜ್‌ನ ಹಿಂದಿನ ಗೋಡೆಗೆ ತಾಗಿಸಿ ಇಟ್ಟಿದ್ದೆ. ಅಲ್ಲಿ ಹೆಪ್ಪುಗಟ್ಟಿ, ಬಾಗಿಲು ತೆಗೆದಾಗ ಕರಗಿ, ಮತ್ತೆ ಹೆಪ್ಪುಗಟ್ಟಿ ಹಾಳಾಗಿತ್ತು. ಚುಚ್ಚುತ್ತಲೇ ಇದ್ದೆವು, ಶುಗರ್ ಏರುತ್ತಲೇ ಇತ್ತು. ಔಷಧಿ ಪಾಠ ಮಾಡುವ ಮಗನ ಮನೆ! ಹೆಪ್ಪುಗಟ್ಟಿದ ಪೆನ್ ಕರಗಿದ ಮೇಲೆ ನೋಡಲು ಸರಿಯಾಗಿ ಕಂಡರೂ ಎಸೆಯಿರಿ.

ಬಳಸಲು ಶುರು ಮಾಡಿದ ಪೆನ್ ಕಥೆ ಬೇರೆ. ಸೆಮಾಗ್ಲುಟೈಡ್ ಪೆನ್‌ಗಳು ಒಮ್ಮೆ ಶುರುವಾದ ಮೇಲೆ 30 ಡಿಗ್ರಿಯೊಳಗೆ ಹೊರಗಿದ್ದರೂ ಕೆಲವು ವಾರ ತಡೆಯುತ್ತವೆ. ಎಷ್ಟು ವಾರ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಪೊಟ್ಟಣದೊಳಗಿನ ಚೀಟಿ ನೋಡಿ. ಹಾಗಾಗಿ ಮಳೆಗಾಲದಲ್ಲಿ ಮೂರು ತಿಂಗಳಿನದು ಒಟ್ಟಿಗೆ ತಂದಿಡಬೇಡಿ. ಒಂದೇ ಪೆನ್ ತನ್ನಿ, ಉಳಿದದ್ದು ಅಂಗಡಿಯವರ ಫ್ರಿಜ್‌ನಲ್ಲೇ ಇರಲಿ. ಜುಲೈ ತಿಂಗಳಲ್ಲಿ ನಿಮ್ಮ ಹೆಂಚಿನ ಮನೆಯ ಒಳಕೋಣೆ 30 ಡಿಗ್ರಿ ದಾಟುವುದೇ ಇಲ್ಲ ಅನ್ನಬಹುದು. ಅಟ್ಟದ ಮೇಲೆ, ಬಚ್ಚಲೊಲೆ ಹತ್ತಿರ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಡದಿದ್ದರೆ ಸಾಕು.

ಎರಡು ಮಡಕೆ ನಡುವೆ ಒದ್ದೆ ಮರಳು ತುಂಬಿ ಇಡುವ ಉಪಾಯ ಕೇಳಿರಬಹುದು. ಒಳ್ಳೆಯ ಉಪಾಯವೇ, ಆದರೆ ನೀರು ಆರಿದರೆ ಮಾತ್ರ ತಂಪು. ಬಟ್ಟೆಯೇ ವಾರಗಟ್ಟಲೆ ಒಣಗದ ಆಷಾಢದಲ್ಲಿ ಮಡಕೆ ಏನು ಆರೀತು? ಅದನ್ನು ಏಪ್ರಿಲ್‌ಗೆ ಇಟ್ಟುಕೊಳ್ಳಿ. ಆಗ ಶಿವಮೊಗ್ಗದಲ್ಲಿ 35 ದಾಟುತ್ತದೆ, ಗಾಳಿಯೂ ಒಣ, ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯವರ ಟೆರಿಪ್ಯಾರಟೈಡ್ ಪೆನ್‌ಗೆ ಈ ರಿಯಾಯಿತಿ ಇಲ್ಲ, ಬಳಸುವಾಗಲೂ ಅದು ಫ್ರಿಜ್‌ನಲ್ಲೇ ಇರಬೇಕು. ಕರೆಂಟ್ ಹೋದ ಮೇಲೆ ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಅದಕ್ಕೂ ಜಾಸ್ತಿ ಆದರೆ ಬಾಯಗಲದ ಫ್ಲಾಸ್ಕ್‌ಗೆ ಐಸ್ ಹಾಕಿ, ಪೆನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ದಪ್ಪ ಬಟ್ಟೆ ಸುತ್ತಿ ಒಳಗಿಡಿ. ಐಸ್‌ಗೆ ನೇರ ತಾಗಬಾರದು. ಮೂರು ದಿನ ಅಂದರೆ ಅದೂ ಸಾಲದು. ಇನ್ವರ್ಟರ್ ಇರುವ ಮನೆ ಹತ್ತಿರ ಯಾರದಿದೆ ಅಂತ ಮಳೆಗೆ ಮೊದಲೇ ಮಾತಾಡಿಟ್ಟುಕೊಳ್ಳಿ.

ಬಿಡೋಕೆ ಆಗಲ್ವಾ ಅಂದಿರಿ. ಚಟ ಹಿಡಿಸುವ ಔಷಧಿ ಇದಲ್ಲ. ನಿಲ್ಲಿಸಿದರೆ ಐದಾರು ವಾರದಲ್ಲಿ ಮೈಯಿಂದ ಪೂರ್ತಿ ಹೋಗುತ್ತದೆ. ಆದರೆ ಕೂಗು ನಿಂತ ಮೇಲೆ ಮನೆಯವರು ಹಳೇ ಚಾಳಿಗೆ ಮರಳುತ್ತಾರೆ. ತೂಕ ಇಳಿಸಲು ಇದನ್ನು ತೆಗೆದುಕೊಂಡು ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಇಳಿದಿದ್ದ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ವಾಪಸ್ ಬಂದಿತ್ತು. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತದಲ್ಲ, ಹಾಗೇ. ಅದಕ್ಕೇ ಶುರು ಮಾಡುವ ಮೊದಲೇ ತಿಂಗಳ ಖರ್ಚು ಎಷ್ಟು ಅಂತ ಕೇಳಿ, ಅಡಿಕೆ ದರ ಬಿದ್ದ ವರ್ಷವೂ ನಡೆಸಿಕೊಂಡು ಹೋಗಬಹುದಾ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಆಗಲ್ಲ ಅಂತಾದರೆ ಅದನ್ನೇ ಡಾಕ್ಟರ್ ಹತ್ತಿರ ಹೇಳಿ. ಅದರಲ್ಲಿ ನಾಚಿಕೆ ಏನಿಲ್ಲ, ಬೇರೆ ದಾರಿಗಳೂ ಇವೆ.

ಇನ್ನು ಮರೆತರೆ. ಚುಚ್ಚಬೇಕಾದ ದಿನ ದಾಟಿ ಐದು ದಿನದೊಳಗೆ ನೆನಪಾದರೆ ಆಗಲೇ ಚುಚ್ಚಿಕೊಳ್ಳಿ, ಮುಂದಿನದು ಮಾಮೂಲಿ ವಾರದ ದಿನಕ್ಕೇ. ಐದು ದಿನ ಕಳೆದೇಹೋಗಿದ್ದರೆ ಆ ವಾರದ್ದನ್ನು ಬಿಟ್ಟುಬಿಡಿ. ಎರಡು ಡೋಸ್ ಒಟ್ಟಿಗೆ ಬೇಡ. ನನ್ನ ಹತ್ತಿರ ಬರುವ ಒಬ್ಬರು ಸಂತೆ ದಿನ ಇಟ್ಟುಕೊಂಡಿದ್ದಾರೆ. ಚೀಲ ಹಿಡಿದು ಹೊರಡುವಾಗ ಮನೆಯವರು ಕೇಳುತ್ತಾರಂತೆ, "ಚುಚ್ಕೊಂಡ್ರಾ?"